ಕರಿಕೋಟು ಹಾಕಿಕೊಂಡೇ ಚುನಾವಣೆಗೆ ನಿಲ್ಲುವುದು ಹೇಗೆ: ಜಮಖಂಡಿಯ ವಕೀಲನೊಬ್ಬನ ಟಿಪ್ಪಣಿ

ವಕೀಲರ ಸಂಘದ ಕೋಣೆಯಲ್ಲಿ ಚಹಾ ಕುಡಿಯುತ್ತಾ ಕೂತಾಗ ವರ್ಷಕ್ಕೊಬ್ಬ ಜೂನಿಯರ್ ಆದರೂ ಕುರ್ಚಿ ಹತ್ತಿರ ಎಳೆದುಕೊಂಡು ಬರುತ್ತಾನೆ. "ಸರ್, ಎಲೆಕ್ಷನ್ನಿಗೆ ನಿಲ್ಲಬೇಕಂತ ಮಾಡೀನಿ. ಎಲ್ಲಿಂದ ಶುರು ಮಾಡ್ಲಿ?" ನನ್ನನ್ನೇ ಯಾಕೆ ಕೇಳುತ್ತಾರೆ ಅಂದರೆ ನಾನು ಮೂರು ಸಲ ನಿಂತವನು. ವಾರ್ಡಿಗೆ ನಿಂತು 61 ಮತಗಳಿಂದ ಸೋತೆ. ವಿಧಾನಸಭೆಗೆ ಪಕ್ಷೇತರನಾಗಿ ನಿಂತು ಠೇವಣಿ ಕಳೆದುಕೊಂಡೆ. ಮತ್ತೆ ವಾರ್ಡಿಗೇ ಬಂದು ಗೆದ್ದೆ. ಪ್ರತಿಯೊಬ್ಬನಿಗೂ ಮೊದಲಿಂದ ಹೇಳಿ ಹೇಳಿ ಸಾಕಾಗಿ ಈಗ ಬರೆದೇ ಇಡುತ್ತಿದ್ದೇನೆ.

ಶುರುವಿಗೆ ಒಬ್ಬ ಕೆನಡಾದವರ ವಿಷಯ. ನನ್ನ ಮಗಳು ಸಾಸ್ಕಟೂನಿನಲ್ಲಿ ಓದುತ್ತಾಳೆ. ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದೆ. ಚಳಿಗೆ ಹೆದರಿ ಒಳಗೇ ಕೂತಿದ್ದವನನ್ನು ಒಂದು ದಿನ ವಿಶ್ವವಿದ್ಯಾಲಯದಲ್ಲಿರುವ ಡೀಫನ್‌ಬೇಕರ್ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಜಾನ್ ಡೀಫನ್‌ಬೇಕರ್ ಕೆನಡಾದ ಪ್ರಧಾನಿ ಆಗಿದ್ದವರು, 1957ರಿಂದ 1963ರವರೆಗೆ. ಕನ್ಸರ್ವೇಟಿವ್ ಪಕ್ಷ. ಕಸುಬಿನಲ್ಲಿ ವಕೀಲರು. ಅವರ ಕಾಲದ ಪ್ರಧಾನಿ ಕಚೇರಿ ಹೇಗಿತ್ತೋ ಹಾಗೇ ಅಲ್ಲಿ ಮಾಡಿಟ್ಟಿದ್ದಾರೆ. ಸಮಾಧಿಯೂ ಪಕ್ಕದಲ್ಲೇ ಇದೆ. ನಾನು ಮೇಜು ಕುರ್ಚಿಗಿಂತ ಅವರು ಸೋತ ಪಟ್ಟಿಯನ್ನೇ ಜಾಸ್ತಿ ಹೊತ್ತು ನೋಡಿದೆ. 1925ರಲ್ಲಿ ಸಂಸತ್ತಿಗೆ ನಿಂತು ಸೋಲು, ಠೇವಣಿಯೂ ಹೋಯಿತು. 1926ರಲ್ಲಿ ಮತ್ತೆ ಸೋಲು, ಎದುರಾಳಿ ಆಗಲೇ ಪ್ರಧಾನಿಯಾಗಿದ್ದ ಲಿಬರಲ್ ನಾಯಕ ಮೆಕೆಂಜಿ ಕಿಂಗ್ ಅವರೇ. 1929ರಲ್ಲಿ ಪ್ರಾಂತದ ಶಾಸನಸಭೆಗೆ ಸೋಲು. 1933ರಲ್ಲಿ ಪ್ರಿನ್ಸ್ ಆಲ್ಬರ್ಟ್ ಊರಿನ ಮೇಯರ್ ಚುನಾವಣೆ, 48 ಮತಗಳಿಂದ ಸೋಲು. 1938ರಲ್ಲಿ ಪ್ರಾಂತದ ಪಕ್ಷಕ್ಕೆ ಇವರೇ ನಾಯಕರು, ಪಕ್ಷಕ್ಕೆ ಒಂದೂ ಸೀಟು ಬರಲಿಲ್ಲ. 1940ರಲ್ಲಿ ಕೊನೆಗೂ ಸಂಸತ್ತಿಗೆ ಗೆದ್ದರು. ಅದೂ 280 ಮತಗಳಿಂದ.

"ಅಪ್ಪಾ, ನಿಮ್ಮಂಥವರೇ ಅಲ್ವಾ?" ಅಂದಳು ಮಗಳು. ನಗು ಬಂತು. ಆದರೆ ವಾಪಸ್ ಬರುವಾಗ ವಿಮಾನದಲ್ಲಿ ಕೂತು ನನ್ನ ತಪ್ಪುಗಳನ್ನು ಅವರ ದಾರಿಯ ಪಕ್ಕ ಇಟ್ಟು ನೋಡಿದೆ. ಈ ಟಿಪ್ಪಣಿ ಹುಟ್ಟಿದ್ದು ಅಲ್ಲಿ.

ಮೊದಲು ಸಣ್ಣ ಕುರ್ಚಿ

ಡೀಫನ್‌ಬೇಕರ್ ಕಾನೂನು ಓದಿ ಮುಗಿಸಿದ್ದು 1919ರಲ್ಲಿ. ದೊಡ್ಡ ಊರು ಬಿಟ್ಟು ವಾಕಾ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿ ಆಗಲೇ ಒಬ್ಬ ವಕೀಲರಿದ್ದರು. ಇವರಿಗೆ ಬಾಡಿಗೆಗೆ ಜಾಗ ಸಿಗಲಿಲ್ಲ. ಖಾಲಿ ಜಾಗ ಹಿಡಿದು ಎರಡು ಕೋಣೆಯ ಮರದ ಮನೆ ಕಟ್ಟಿಕೊಂಡು ಬೋರ್ಡು ಹಾಕಿದರು. ಮರುವರ್ಷವೇ, 1920ರಲ್ಲಿ, ಆ ಊರಿನ ಪಂಚಾಯಿತಿಗೆ ಆಯ್ಕೆಯಾದರು. ಅಂದರೆ ದೊಡ್ಡ ಚುನಾವಣೆಗಳಲ್ಲಿ ಸೋಲುವ ಮೊದಲು ಸಣ್ಣದೊಂದನ್ನು ಗೆದ್ದಿದ್ದರು.

ಕೆನಡಾ ದೂರ ಆಯಿತು ಅನ್ನುವವರು ನಮ್ಮ ತಾಲೂಕನ್ನೇ ನೋಡಿ. ಬಿ.ಡಿ. ಜತ್ತಿ ಅವರು ಸಾವಳಗಿಯವರು. ಕೊಲ್ಹಾಪುರದಲ್ಲಿ ಕಾನೂನು ಓದಿ, ಜಮಖಂಡಿಯಲ್ಲಿ ಸ್ವಲ್ಪ ಕಾಲ ವಕೀಲಿ ಮಾಡಿದರು. 1940ರಲ್ಲಿ ಜಮಖಂಡಿ ಮುನ್ಸಿಪಾಲಿಟಿ ಸದಸ್ಯರು, 1945ರಲ್ಲಿ ಅದರ ಅಧ್ಯಕ್ಷರು. 1958ರಲ್ಲಿ ರಾಜ್ಯದ ಮುಖ್ಯಮಂತ್ರಿ. ಮುಂದೆ ಉಪರಾಷ್ಟ್ರಪತಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ. ಡೀಫನ್‌ಬೇಕರ್ ಮೊದಲ ಸಲ ಸಂಸತ್ತಿಗೆ ಗೆದ್ದದ್ದೂ ಅದೇ 1940ರಲ್ಲಿ. ನನಗೆ ಈ ಹೊಂದಾಣಿಕೆ ಬಹಳ ಇಷ್ಟ. ಯಾರು ಸಿಕ್ಕರೂ ಹೇಳುತ್ತೇನೆ, ಮನೆಯಲ್ಲಿ ಬೈಸಿಕೊಳ್ಳುತ್ತೇನೆ.

ಆದ್ದರಿಂದ ಮೊದಲು ಗ್ರಾಮ ಪಂಚಾಯಿತಿ, ಇಲ್ಲವೇ ಪುರಸಭೆ, ನಗರಸಭೆಯ ವಾರ್ಡು. ವಯಸ್ಸು 21 ಆದರೆ ಸಾಕು. ವಿಧಾನಸಭೆಗೂ ಲೋಕಸಭೆಗೂ 25 ಬೇಕು. ಗ್ರಾಮ ಪಂಚಾಯಿತಿ ಚುನಾವಣೆ ನಮ್ಮಲ್ಲಿ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ, ಹಾಗಾಗಿ ಟಿಕೆಟ್ಟಿಗಾಗಿ ಯಾರ ಮನೆ ಬಾಗಿಲಲ್ಲೂ ಚಪ್ಪಲಿ ಬಿಡಬೇಕಾಗಿಲ್ಲ. ನಾನು ವಾರ್ಡಿನಲ್ಲಿ 61 ಮತಗಳಿಂದ ಸೋತಮೇಲೆ ಅಲ್ಲೇ ಇನ್ನೊಂದು ಸಲ ನಿಲ್ಲಬೇಕಿತ್ತು. ಸಿಟ್ಟಿನಲ್ಲಿ ವಿಧಾನಸಭೆಗೆ ಹಾರಿದೆ. ಅದು ತಪ್ಪು.

ಜ್ಯೂರಿ ಹುಡುಕಿಕೊಳ್ಳಿ

ಇದೇ ಮುಖ್ಯ ಮಾತು, ಸ್ವಲ್ಪ ನಿಧಾನವಾಗಿ ಓದಿ.

ವಕೀಲನಿಗೆ ಮಾತು ಬರುತ್ತದೆ, ಹಾಗಾಗಿ ಭಾಷಣವೂ ಬರುತ್ತದೆ ಅಂತ ಎಲ್ಲರೂ ತಿಳಿದಿದ್ದಾರೆ. ನಾನೂ ತಿಳಿದಿದ್ದೆ. ಮೊದಲ ಚುನಾವಣೆಯಲ್ಲಿ ಹನುಮಂತ ದೇವರ ಗುಡಿ ಮುಂದೆ ಮೈಕ್ ಹಿಡಿದು ಚರಂಡಿ ವಿಷಯ ಮಾತಾಡಿದೆ. "ಸದರಿ ಚರಂಡಿಯು ಮೇಲ್ಕಾಣಿಸಿದ ರಸ್ತೆಯ ಪೂರ್ವ ದಿಕ್ಕಿಗೆ..." ಅಂತ ಶುರು ಮಾಡಿದ್ದೆ. ಹತ್ತು ನಿಮಿಷ ಆದಮೇಲೆ ಕಟ್ಟೆ ಮೇಲಿದ್ದ ಒಬ್ಬ ಹಿರಿಯರು ಕೂಗಿದರು: "ಸಾಹೇಬ್ರ, ಎಲ್ಲಾ ಖರೆ ಐತಿ. ಮುಂದಿನ ತಾರೀಖು ಯಾವಾಗ ಕೊಡ್ತೀರಿ?" ಇಡೀ ಓಣಿ ನಕ್ಕಿತು. ನನ್ನ ಪರವಾಗಿ ಪ್ರಚಾರಕ್ಕೆ ಬಂದಿದ್ದ ಹುಡುಗರೂ ನಕ್ಕರು.

ಯಾಕೆ ಹಾಗಾಯಿತು ಅಂತ ಗೊತ್ತಾಗಿದ್ದು ಸಾಸ್ಕಟೂನಿನಲ್ಲಿ. ಡೀಫನ್‌ಬೇಕರ್ ವಕೀಲಿಯ ಮೊದಲ ವರ್ಷವೇ ಜ್ಯೂರಿ ಮುಂದೆ 62 ವಿಚಾರಣೆ ನಡೆಸಿದರಂತೆ. ಹೆಚ್ಚುಕಡಿಮೆ ಅರ್ಧ ಗೆದ್ದರು. ಜ್ಯೂರಿ ಅಂದರೆ ಯಾರು? ವಾದ ಕೇಳಿ, ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನ ಹೇಳುವ ಅದೇ ಸೀಮೆಯ ಜನ. ಬೆಳಿಗ್ಗೆ ದನಕ್ಕೆ ಮೇವು ಹಾಕಿ ಬಂದು ಕೂತ ರೈತರು, ಅಂಗಡಿಯವರು. ಅವರಿಗೆ ಅರ್ಥವಾಗದಿದ್ದರೆ ಕಕ್ಷಿದಾರನಿಗೆ ಗಲ್ಲೂ ಆಗಬಹುದಿತ್ತು. ಅಂಥವರ ಮುಖ ನೋಡಿ ನೋಡಿ ಮಾತು ಕಲಿತವರಿಗೆ ವೇದಿಕೆ ಹೊಸದಲ್ಲ. ನಮ್ಮಲ್ಲಿ ಜ್ಯೂರಿ ಪದ್ಧತಿ ಹೋಗಿ ದಶಕಗಳಾದವು. ನಾವು ಇಡೀ ಜನ್ಮ ಒಬ್ಬ ನ್ಯಾಯಾಧೀಶರ ಜೊತೆ, ಅವರಿಗೆ ಮೊದಲೇ ಗೊತ್ತಿರುವ ಭಾಷೆಯಲ್ಲಿ ಮಾತಾಡುತ್ತೇವೆ. ಕಕ್ಷಿದಾರ ಹಿಂದೆ ಕೈ ಕಟ್ಟಿ ನಿಂತಿರುತ್ತಾನೆ. ಅವನ ಹೊಲದ ಬಗ್ಗೆಯೇ ಮಾತು, ಅವನಿಗೇ ತಿಳಿಯುವುದಿಲ್ಲ.

ಹಾಗಾಗಿ ಜ್ಯೂರಿಯನ್ನು ನೀವೇ ಹುಡುಕಿಕೊಳ್ಳಬೇಕು. ನಾನು ಮೂರನೇ ಸಲ ಹೀಗೆ ಮಾಡಿದೆ. ಚುನಾವಣೆಗೆ ಇನ್ನೂ ಒಂದೂವರೆ ವರ್ಷ ಇತ್ತು. ವಾರಕ್ಕೆ ಮೂರು ಸಂಜೆ ಕೋಟು ಬಿಚ್ಚಿಟ್ಟು ವಾರ್ಡಿನ ಮೂರು ಜಾಗದಲ್ಲಿ ಕೂತೆ: ಮಿರ್ಚಿ ಗಾಡಿ, ಹಿಟ್ಟಿನ ಗಿರಣಿ, ಗುಡಿ ಕಟ್ಟೆ. ಮಾತು ಕಡಿಮೆ, ಕೇಳುವುದೇ ಜಾಸ್ತಿ. ಮನೆಗೆ ಬಂದು ಆ ದಿನ ಕೇಳಿದ ಒಂದು ವಿಷಯ ತೆಗೆದುಕೊಂಡು, ಕಾನೂನಿನ ಒಂದೂ ಪದ ಇಲ್ಲದೆ ಎರಡು ನಿಮಿಷದಲ್ಲಿ ಹೆಂಡತಿಗೆ ಹೇಳಬೇಕು. ಅವಳು ಒಲೆ ಕಡೆ ತಿರುಗಿದರೆ ನಾನು ಸೋತ ಹಾಗೆ. ಮೊದಲ ಎರಡು ತಿಂಗಳು ಅವಳು ಒಲೆ ಕಡೆಗೇ ಇದ್ದಳು.

ಗಿರಣಿಯಲ್ಲಿ ಒಬ್ಬ ಅಜ್ಜಿ ಸಿಗುತ್ತಿದ್ದರು. ಗಂಡ ತೀರಿಕೊಂಡು ಆರು ವರ್ಷವಾದರೂ ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಅವನ ಹೆಸರೇ ಇತ್ತು. ಮಕ್ಕಳು ಪುಣೆಯಲ್ಲಿ. ನಾನು ವಾರಸಾ ಅರ್ಜಿ, ವಂಶಾವಳಿ, ನೋಟಿಸ್ ಅವಧಿ ಅಂತ ವಿವರಿಸಲು ಹೋದೆ. ಅಜ್ಜಿ ಜೋಳದ ಚೀಲ ತಕ್ಕಡಿ ಮೇಲಿಡುತ್ತಾ, "ಅದೆಲ್ಲಾ ಇರ್ಲಿ ತಮ್ಮಾ. ನಾ ಎಷ್ಟು ಸಲ ಹೋಗಬೇಕು, ಎಷ್ಟು ಕಾಗದ ಒಯ್ಯಬೇಕು, ಅಷ್ಟು ಹೇಳು" ಅಂದರು. ಮೂರು ಕಾಗದ, ಎರಡು ಸಲ ಅಂದೆ. ಕೈಚೀಲದಿಂದ ಮೊಮ್ಮಗಳ ಪೆನ್ಸಿಲ್ ತೆಗೆದು ಕೊಟ್ಟು, ಬರೆದುಕೊಡು ಅಂದರು. ಆ ಚೀಟಿಯಲ್ಲಿದ್ದ ಮಾತೇ ಮುಂದೆ ನನ್ನ ಭಾಷಣ ಆಯಿತು. ಯಾವ ಕೆಲಸ, ಎಷ್ಟು ಕಾಗದ, ಎಷ್ಟು ದಿನ. ಅದಕ್ಕಿಂತ ಹೆಚ್ಚಿಗೆ ನಾನು ಯಾವ ಓಣಿಯಲ್ಲೂ ಮಾತಾಡಲಿಲ್ಲ.

ಕಂಡ ಕೆಲಸಕ್ಕೆ ನಮ್ಮ ಸೀಮೆ ಮತ ಕೊಡುತ್ತದೆ, ಅದನ್ನೂ ಮರೆಯಬೇಡಿ. ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ರೈತರೇ ಸೇರಿ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಅದರ ಮುಂದಾಳು ಸಿದ್ದು ನ್ಯಾಮಗೌಡರು 1991ರಲ್ಲಿ ಬಾಗಲಕೋಟೆ ಲೋಕಸಭೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು. ಹೆಗಡೆಯವರು ಮಾಜಿ ಮುಖ್ಯಮಂತ್ರಿ, ವಕೀಲಿ ಓದಿದವರು, ಮಾತಿನಲ್ಲಿ ಅವರನ್ನು ಮೀರಿಸುವವರು ಯಾರಿದ್ದರು ಹೇಳಿ.

ಕೇಸು ಬಿಡಬೇಕಾ?

ಬೇಡ. ಶಾಸಕರು, ಸಂಸದರು ವಕೀಲಿ ಮಾಡಬಾರದು ಎಂಬ ಅರ್ಜಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಾಗೆ ತಡೆಯುವ ನಿಯಮ ಇಲ್ಲ ಎಂದು 2018ರಲ್ಲಿ ತೀರ್ಪು ಬಂದಿದೆ. ನೀವು ಸರ್ಕಾರಿ ವಕೀಲರಾಗಿದ್ದರೆ ಮಾತ್ರ ಲಾಭದ ಹುದ್ದೆಯ (ಚುನಾವಣೆಗೆ ನಿಲ್ಲಲು ಅಡ್ಡಿಯಾಗುವ ಸರ್ಕಾರಿ ಹುದ್ದೆಯ) ಪ್ರಶ್ನೆ ಬರುತ್ತದಾ ಅಂತ ನಾಮಪತ್ರಕ್ಕೆ ಬಹಳ ಮೊದಲೇ ಒಬ್ಬ ಹಿರಿಯ ವಕೀಲರ ಹತ್ತಿರ ಕೇಳಿಕೊಳ್ಳಿ. ನಮ್ಮ ಕೇಸಿಗೆ ನಾವೇ ವಕೀಲರಾಗುವ ಚಟ ಒಳ್ಳೆಯದಲ್ಲ.

ಡೀಫನ್‌ಬೇಕರ್ ಸಂಸದರಾಗಿದ್ದಾಗಲೇ ನಡೆಸಿದ ಕೇಸೊಂದಿದೆ. 1950ರ ನವೆಂಬರಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಕನೂ ರಿವರ್ ಹತ್ತಿರ ಎರಡು ರೈಲು ಡಿಕ್ಕಿಯಾಗಿ 21 ಮಂದಿ ಸತ್ತರು. ಅವರಲ್ಲಿ 17 ಜನ ಕೊರಿಯಾ ಯುದ್ಧಕ್ಕೆ ಹೊರಟಿದ್ದ ಸೈನಿಕರು. ತಪ್ಪೆಲ್ಲಾ ಆಲ್‌ಫ್ರೆಡ್ ಆಥರ್ಟನ್ ಎಂಬ ಎಳೆಯ ಟೆಲಿಗ್ರಾಫ್ ನೌಕರನ ತಲೆಗೆ ಬಂತು. ಸಂದೇಶದಲ್ಲಿ ಎರಡು ಪದ ಬಿಟ್ಟ ಅಂತ. ಅದು ಬೇರೆ ಪ್ರಾಂತ, ಅಲ್ಲಿ ವಾದಿಸಲು ಇವರಿಗೆ ಸನದು ಇರಲಿಲ್ಲ. ಶುಲ್ಕ ಕಟ್ಟಿ, ಅಲ್ಲಿನ ವಕೀಲರ ಪರೀಕ್ಷೆ ಬರೆದು, 1951ರಲ್ಲಿ ಆ ಹುಡುಗನನ್ನು ಬಿಡಿಸಿದರು. ದೊಡ್ಡ ಸಂಸ್ಥೆಯ ಎದುರು ಸಣ್ಣ ನೌಕರ. ಊರಿನ ಯಾರಿಗಾದರೂ ಒಂದೇ ಸಾಲಿನಲ್ಲಿ ತಿಳಿಯುವ ಕೇಸು. ನಿಮ್ಮ ಕಪಾಟಿನಲ್ಲೂ ಅಂಥದ್ದು ಒಂದಾದರೂ ಇರಲಿ.

ಆದರೆ ಅದನ್ನು ಕರಪತ್ರದಲ್ಲಿ ಹಾಕಬೇಡಿ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮದ ಪ್ರಕಾರ ವಕೀಲ ಜಾಹೀರಾತು ಕೊಟ್ಟು ಕೆಲಸ ಹುಡುಕುವಂತಿಲ್ಲ. ನನ್ನ ಮೊದಲ ಕರಪತ್ರದ ಕರಡಿನಲ್ಲಿ "ಉಚಿತ ಕಾನೂನು ಸಲಹೆ, ಸಂಜೆ 6ರಿಂದ 8" ಅಂತ ಬರೆದು ಕಚೇರಿ ವಿಳಾಸ, ಫೋನ್ ನಂಬರ್ ಎಲ್ಲಾ ಹಾಕಿದ್ದೆ. ನನ್ನ ಗುರುಗಳು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದು, "ಇದು ಮತ ಕೇಳೋ ಕಾಗದಾನೋ, ಅಂಗಡಿ ಬೋರ್ಡೋ?" ಅಂದರು. ಕಕ್ಷಿದಾರರ ಫೈಲಿನಿಂದ ಫೋನ್ ನಂಬರ್ ತೆಗೆದು ಮತ ಕೇಳುವುದೂ ಅಷ್ಟೇ ಕೆಟ್ಟದ್ದು. ಅವರು ಆ ನಂಬರ್ ಕೊಟ್ಟಿದ್ದು ತಾರೀಖು ತಿಳಿಸಲಿ ಅಂತ.

ಕರಪತ್ರಕ್ಕೆ ಇನ್ನೊಂದು: ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 127-ಎ ಕಲಂ.

ನಾಮಪತ್ರ

ಇಲ್ಲಿ ವಕೀಲ ಹುಷಾರು ಅಂತ ಊರು ನಂಬಿರುತ್ತದೆ. ಹಾಗಾಗಿ ಇಲ್ಲಿ ಎಡವಿದರೆ ನಗೆಪಾಟಲು. ವಿಧಾನಸಭೆಯ ಲೆಕ್ಕ ಹೇಳುತ್ತೇನೆ. ನಾಮಪತ್ರ ನಮೂನೆ 2-ಬಿ, ಅದರ ಜೊತೆ ಅಫಿಡವಿಟ್ಟು ನಮೂನೆ 26. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರೊಳಗೆ ಕೊಡಬೇಕು. ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕರು ಸಾಕು. ಪಕ್ಷೇತರರಿಗೆ ಹತ್ತು ಜನ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು.

ಈ ಹತ್ತು ಜನರ ವಿಷಯದಲ್ಲಿ ನನ್ನ ಉಸಿರು ನಿಂತಿತ್ತು. ಕೊನೆಯ ದಿನ, ಗಂಟೆ 2.20. ನನ್ನ ಸೂಚಕರಲ್ಲಿ ಒಬ್ಬರು ನೇಕಾರರು, ಹಳೆಯ ಗೆಳೆಯರು. ಅವರು ಹೆಸರನ್ನು ಬನಹಟ್ಟಿಗೆ ವರ್ಗಾಯಿಸಿಕೊಂಡಿದ್ದರು. ಬನಹಟ್ಟಿ ಬರುವುದು ತೇರದಾಳ ಕ್ಷೇತ್ರಕ್ಕೆ. ನನ್ನ ಕೈಯಲ್ಲಿ ಹಳೆಯ ಮತದಾರರ ಪಟ್ಟಿ ಇತ್ತು, ಅದರಲ್ಲಿ ಅವರ ಹೆಸರು ಚೆನ್ನಾಗಿಯೇ ಇತ್ತು. ತಪ್ಪು ನನ್ನದು, ಹೊಸ ಪಟ್ಟಿ ನೋಡಿರಲಿಲ್ಲ. ಪುಣ್ಯಕ್ಕೆ ನನ್ನ ಜೂನಿಯರ್ ಬೇರೆ ಹತ್ತು ಜನರ ಸಹಿ ಹಾಕಿಸಿ ಇನ್ನೊಂದು ಪ್ರತಿ ತಯಾರು ಮಾಡಿಟ್ಟಿದ್ದ. ಒಬ್ಬ ಅಭ್ಯರ್ಥಿ ನಾಲ್ಕು ನಾಮಪತ್ರದವರೆಗೆ ಕೊಡಬಹುದು. ನೀವು ಕನಿಷ್ಠ ಎರಡು ಕೊಡಿ, ಸೂಚಕರು ಬೇರೆ ಬೇರೆ ಇರಲಿ, ಪ್ರತಿಯೊಬ್ಬರ ಭಾಗ ಸಂಖ್ಯೆ, ಕ್ರಮ ಸಂಖ್ಯೆಯನ್ನು ಹೊಸ ಪಟ್ಟಿಯಲ್ಲಿ ಬೆರಳಿಟ್ಟು ನೋಡಿ. ಕೊನೆಯ ದಿನ ಹೋಗಲೇಬೇಡಿ. ಜ್ಯೋತಿಷಿ ಹೇಳಿದ ಮುಹೂರ್ತಕ್ಕೆ ಸರದಿ ದೊಡ್ಡದಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಅಫಿಡವಿಟ್ಟಿನಲ್ಲಿ ಒಂದು ಕಾಲಮ್ಮೂ ಖಾಲಿ ಬಿಡುವಂತಿಲ್ಲ. ಇಲ್ಲದ್ದಕ್ಕೆ "ಇಲ್ಲ", ಸಂಬಂಧಪಡದ್ದಕ್ಕೆ "ಅನ್ವಯಿಸುವುದಿಲ್ಲ" ಅಂತ ಬರೆಯಬೇಕು. ಖಾಲಿ ಬಿಟ್ಟು, ಚುನಾವಣಾಧಿಕಾರಿ ಎಚ್ಚರಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕೃತವಾಗಬಹುದು. 2013ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನೇ ಹೇಳುತ್ತದೆ. ನಮ್ಮ ಕಡೆ ಕಷ್ಟ ಬರುವುದು ಆಸ್ತಿ ಕಾಲಮ್ಮಿನಲ್ಲಿ. ಅಪ್ಪನ ಹೊಲ ಇನ್ನೂ ವಾಟಣಿ (ಪಾಲು) ಆಗಿಲ್ಲ, ಅಣ್ಣತಮ್ಮಂದಿರ ಹೆಸರು ಒಟ್ಟಿಗೇ ಇದೆ, ಸೊಸೈಟಿ ಸಾಲದ ಬೋಜಾ ಬೇರೆ. ನಾನೂ ನನ್ನ ಹೆಂಡತಿಯೂ ಒಂದು ರಾತ್ರಿ ಊಟದ ತಟ್ಟೆ ಸರಿಸಿ, ಉತಾರಗಳನ್ನು ಹಾಸಿಕೊಂಡು ಕೂತೆವು. ಅವಳ ಬಂಗಾರದ ತೂಕ ಕೇಳಿದೆ. "ಮೂವತ್ತು ವರ್ಷ ಆಯ್ತು, ಇವತ್ತು ಕೇಳ್ತೀರಾ?" ಅಂದಳು. ತವರಿನದ್ದು ಎಷ್ಟು, ನಾನು ಮಾಡಿಸಿದ್ದು ಎಷ್ಟು ಅಂತ ಅವಳು ಬೇರೆ ಬೇರೆ ಹೇಳಿದಾಗ ಎರಡನೆಯದನ್ನು ಬರೆಯಲು ನನಗೇ ನಾಚಿಕೆಯಾಯಿತು. ಈ ಕಾಗದವನ್ನು ಇಡೀ ಊರು ಓದುತ್ತದೆ, ನೆನಪಿರಲಿ. ಬಾಕಿ ಇರುವ ಕ್ರಿಮಿನಲ್ ಕೇಸು ಇದ್ದರೆ ಬರೆಯಿರಿ, ಬರೆದದ್ದನ್ನು ಪ್ರಚಾರದ ಅವಧಿಯಲ್ಲಿ ಮೂರು ಸಲ ಪ್ರಕಟಿಸಲೂಬೇಕು.

ನಾಮಪತ್ರ ಕೊಟ್ಟಮೇಲೆ ಪ್ರಮಾಣವಚನ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಪರಿಶೀಲನೆಯ ಹಿಂದಿನ ದಿನದೊಳಗೆ ಆಗಬೇಕು.

ಪರಿಶೀಲನೆ ದಿನ ಬಾಯಿ ಮುಚ್ಚಿಕೊಂಡಿರಿ. ಎದುರಾಳಿಯ ಅಫಿಡವಿಟ್ಟಿನಲ್ಲಿ ತಂದೆಯ ಹೆಸರಿನ ಒತ್ತಕ್ಷರ ತಪ್ಪಿದೆ ಅಂತ ನಾನು ಅರ್ಧ ಗಂಟೆ ವಾದಿಸಿದೆ. ಅಂಥ ಸಣ್ಣ ತಪ್ಪಿಗೆ ತಿರಸ್ಕರಿಸುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ, ನನಗೂ ಗೊತ್ತಿತ್ತು. ಸುಮ್ನೆ ಇರಲಾಗಲಿಲ್ಲ, ಅಷ್ಟೇ. ಸಂಜೆಯೊಳಗೆ "ವಕೀಲ್ ಸಾಹೇಬ್ರು ಮತ ಕೇಳೋದು ಬಿಟ್ಟು ತಕರಾರು ಮಾಡಾಕತ್ಯಾರ" ಅಂತ ಸುದ್ದಿ ಹಬ್ಬಿತ್ತು.

ಖರ್ಚಿನ ಪುಸ್ತಕ

ವಿಧಾನಸಭೆಗೆ ಈಗ ನಮ್ಮ ರಾಜ್ಯದಲ್ಲಿ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಅಷ್ಟು ನನ್ನಂಥವನಿಗೆ ಯಾಕೆ ಬೇಕು ಅನ್ನಬೇಡಿ. ಮಿತಿಗಿಂತ ಲೆಕ್ಕವೇ ತಲೆನೋವು. ನಾಮಪತ್ರ ಕೊಡುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ತೆಗೆಯಬೇಕು. ಒಬ್ಬರಿಗೆ ಒಟ್ಟು 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡುವಂತಿಲ್ಲ. ಒಂದು ರಿಜಿಸ್ಟರ್ ಕೊಡುತ್ತಾರೆ: ಬಿಳಿ ಹಾಳೆ ದಿನದ ಖರ್ಚಿಗೆ, ಗುಲಾಬಿ ನಗದಿಗೆ, ಹಳದಿ ಬ್ಯಾಂಕಿಗೆ. ಪ್ರಚಾರದ ಅವಧಿಯಲ್ಲಿ ಮೂರು ಸಲವಾದರೂ ತಪಾಸಣೆಗೆ ಒಯ್ಯಬೇಕು. ಕುರ್ಚಿ, ಮೈಕ್, ಚಹಾ, ಎಲ್ಲಕ್ಕೂ ಜಿಲ್ಲೆಯಲ್ಲಿ ದರಪಟ್ಟಿ ಇರುತ್ತದೆ. ಗೆಳೆಯ ಪುಕ್ಕಟೆ ಪೆಂಡಾಲ್ ಹಾಕಿಕೊಟ್ಟರೂ ಅದು ನಿಮ್ಮ ಖರ್ಚೇ.

ದಿನದ ಲೆಕ್ಕ ಆ ರಾತ್ರಿಯೇ ಬರೆಯಿರಿ. ನಾನು ನಾಲ್ಕು ದಿನ ಬಿಟ್ಟೆ. ಐದನೇ ದಿನ ಜೇಬಿನಲ್ಲಿ ಎಣ್ಣೆ ಜಿಡ್ಡು ಹಿಡಿದ ಚೀಟಿ ಸಿಕ್ಕಿತು, "40 ಗಿರಮಿಟ್" ಅಂತ ಇತ್ತು. ಎಲ್ಲಿ, ಯಾವತ್ತು, ಯಾರು ತಿಂದರು, ಒಂದೂ ನೆನಪಿಲ್ಲ. ಆ ನಲವತ್ತು ಗಿರಮಿಟ್ ಹುಡುಕಲು ಒಂದು ಇಡೀ ಬೆಳಗು ಹೋಯಿತು. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಸಲ್ಲಿಸಬೇಕು. ಸೋತವರೂ ಸಲ್ಲಿಸಬೇಕು. ಸರಿಯಾದ ಕಾರಣ ಇಲ್ಲದೆ ಬಿಟ್ಟರೆ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು.

ಪಕ್ಷ, ಹೆಸರು, ಸೋಲು

ಡೀಫನ್‌ಬೇಕರ್ ಇದ್ದ ಪ್ರಾಂತದಲ್ಲಿ ಲಿಬರಲ್ ಪಕ್ಷದ್ದೇ ಜೋರು. ಇವರ ಪಕ್ಷಕ್ಕೆ ನೆಲೆಯೇ ಇರಲಿಲ್ಲ. ಆದರೂ ಪಕ್ಷ ಬಿಡಲಿಲ್ಲ. ಪಕ್ಷದ ನಾಯಕತ್ವಕ್ಕೂ 1942ರಲ್ಲಿ, 1948ರಲ್ಲಿ ಸೋತು 1956ರಲ್ಲಿ ಗೆದ್ದರು. 1958ರಲ್ಲಿ 265ರಲ್ಲಿ 208 ಸೀಟು ತಂದರು. ಅದು ಐದೇ ವರ್ಷದಲ್ಲಿ ಕರಗಿತು ಅನ್ನುವುದು ಬೇರೆ ಮಾತು. ಇನ್ನು ಅವರ ಜರ್ಮನ್ ಅಡ್ಡಹೆಸರು. ಮೊದಲ ಮಹಾಯುದ್ಧ ಮುಗಿದ ಹೊಸತು, ಆ ಹೆಸರು ಹಿಡಿದು ಹೀಯಾಳಿಸಿದರು. ಅವರು ಹೆಸರು ಬದಲಿಸಲಿಲ್ಲ. ನಿಮ್ಮ ಬಾಗಿಲಿಗೂ "ಯಾವ ಮಂದಿ?" ಎಂಬ ಪ್ರಶ್ನೆ ಬರುತ್ತದೆ. ಸುತ್ತಿ ಬಳಸಬೇಡಿ, ಇದ್ದದ್ದು ಹೇಳಿ, ತಕ್ಷಣ ಚರಂಡಿ ವಿಷಯಕ್ಕೆ ಬನ್ನಿ.

ಪ್ರಧಾನಿಯಾದ ಮೇಲೆ ಅವರು 1960ರಲ್ಲಿ ಹಕ್ಕುಗಳ ಕಾಯ್ದೆ ತಂದರು. ಅದೇ ವರ್ಷ ಅಲ್ಲಿನ ಮೂಲನಿವಾಸಿಗಳಿಗೆ, ತಮ್ಮ ಹಳೆಯ ಸ್ಥಾನಮಾನ ಬಿಡದೆಯೇ, ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಸಿಕ್ಕಿತು. ವಕೀಲ ಕುರ್ಚಿಗೆ ಹೋದರೆ ಏನು ಮಾಡಬಹುದು ಅಂತ ಕೇಳುವ ಜೂನಿಯರ್‌ಗಳಿಗೆ ನಾನು ಇವೆರಡನ್ನು ಹೇಳುತ್ತೇನೆ. ಕಡೆಗೂ ಸಂಸದರಾಗಿಯೇ 1979ರಲ್ಲಿ ತೀರಿಕೊಂಡರು.

ಎಣಿಕೆ ದಿನಕ್ಕೆ ಒಂದೇ ಮಾತು. ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಠೇವಣಿ ಹೋಗುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಮತಗಟ್ಟೆವಾರು ಅಂಕಿಗಳನ್ನು ಬರೆದುಕೊಂಡು ಬನ್ನಿ. ನನಗೆ ಒಂದು ಮತಗಟ್ಟೆಯಲ್ಲಿ 3 ಮತ ಬಿದ್ದಿತ್ತು, ಅಲ್ಲಿ ನನ್ನ ಏಜೆಂಟರೇ ಇಬ್ಬರಿದ್ದರು.

ಮತ್ತೆ ಮಾರನೇ ದಿನವೇ ಕೋರ್ಟಿಗೆ ಹೋಗಿ. ವಿಧಾನಸಭೆ ಸೋತ ಮರುದಿನ ನಾನು ಹೋದಾಗ ನನ್ನ ವಾಟಣಿ ದಾವೆಯ ಕಕ್ಷಿದಾರ ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ. ಪ್ರಚಾರಕ್ಕಾಗಿ ಎರಡು ತಾರೀಖು ಮುಂದೆ ಹಾಕಿಸಿದ್ದೆ. ಕೈ ಮುಗಿದು, "ಸೋತ್ರಂತಲ್ಲ ಸಾಹೇಬ್ರ" ಅಂದ. ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಹಂಗಾದ್ರ ನಂದು ಈಗ ಲಗೂನ ಮುಗಿತೈತೇನ್ರೀ?"